ಗೇರುಸಿಪ್ಪೆ ಎಣ್ಣೆ: ಗ್ಲೌಸ್ ಹಾಕಿದರೂ ಗುಳ್ಳೆ ಯಾಕೆ?

ಪ್ರಶ್ನೆ: ಸರ್, ಎಂಎಸ್ಸಿ ಪ್ರಾಜೆಕ್ಟಿಗಾಗಿ ಗೇರುಬೀಜದ ಸಿಪ್ಪೆಯಿಂದ ಅನಕಾರ್ಡಿಕ್ ಆಮ್ಲ (ಸಿಪ್ಪೆ ಎಣ್ಣೆಯ ಮುಖ್ಯ ಅಂಶ) ತೆಗೆಯುತ್ತಿದ್ದೇನೆ. ಗ್ಲೌಸ್ ಹಾಕಿದ್ದೆ. ಆದರೂ ಎರಡು ದಿನ ಬಿಟ್ಟು ಮಣಿಕಟ್ಟಿನಲ್ಲಿ ಗುಳ್ಳೆ ಎದ್ದಿವೆ. ಏನು ಮಾಡಲಿ?
– ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ತಡವಾಗಿ ಎದ್ದಿದೆ ಅಂದರೆ ಅಲರ್ಜಿ ಇರಬಹುದು. ಮಾವಿನ ಸೊನೆ ತಾಗಿದರೆ ನಿಮಗೆ ತುರಿಕೆ ಬರುತ್ತಾ? ಮಾವು, ಗೇರು ಒಂದೇ ಕುಟುಂಬದವು. ಸೊನೆ ಆಗದವರು ಈ ಎಣ್ಣೆಯಿಂದ ದೂರ ಇರುವುದೇ ಒಳ್ಳೆಯದು. ಗೈಡ್ ಹತ್ತಿರ ಸಂಕೋಚವಿಲ್ಲದೆ ಹೇಳಿ.

ಅನಕಾರ್ಡಿಕ್ ಆಮ್ಲ ಫೀನಾಲ್ ಗುಂಪಿನ ರಾಸಾಯನಿಕ, ಅದರ ಅಣುವಿಗೆ 15 ಇಂಗಾಲದ ಉದ್ದ ಬಾಲ ಇದೆ. ಬರೀ ನೀರಿಗೆ ಹೋಗಲ್ಲ, ಚರ್ಮದೊಳಗೆ ಮಾತ್ರ ಸಲೀಸಾಗಿ ಇಳಿಯುತ್ತದೆ. ತೆಳು ಲ್ಯಾಟೆಕ್ಸ್ ಗ್ಲೌಸ್ ನಂಬಬೇಡಿ. ಉದ್ದನೆಯ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಹಾಕಿ, ಕೋಟಿನ ತೋಳನ್ನು ಅದರೊಳಗೆ ಸೇರಿಸಿ. ಎಣ್ಣೆ ಕರಗಿಸುವ ದ್ರಾವಕ ಅಸಿಟೋನ್ ನೈಟ್ರೈಲನ್ನೂ ಬೇಗ ದಾಟುತ್ತದೆ, ಚೆಲ್ಲಿದ ಕೂಡಲೇ ಬದಲಿಸಿ. ಕೈಗೆ ಎಣ್ಣೆ ತಾಗಿದರೆ ಅಸಿಟೋನ್ ಹಾಕಿ ಒರೆಸುವವರು ಜಾಸ್ತಿ. ಬೇಡವೇ ಬೇಡ! ಅದು ಎಣ್ಣೆಯನ್ನು ಇನ್ನಷ್ಟು ಹರಡುತ್ತದೆ. ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ.

ನನ್ನ ಅನುಮಾನವೆಲ್ಲ ಪೆನ್ನು, ಮೊಬೈಲು, ಲ್ಯಾಬಿನ ಆವಿ ಹೊರಗೆಳೆಯುವ ಫ್ಯೂಮ್‌ಹುಡ್ಡಿನ ಹಿಡಿಯ ಮೇಲೆ. ಗ್ಲೌಸ್ ಹಾಕಿಕೊಂಡೇ ಅವನ್ನು ಮುಟ್ಟುತ್ತೇವೆ, ಆಮೇಲೆ ಬರಿಗೈಯಲ್ಲೂ ಮುಟ್ಟುತ್ತೇವೆ, ಅಲ್ವಾ? ದಿನವೂ ಒರೆಸಿ.

ಇನ್ನು ಬಿಸಿ ಮಾಡುವಾಗ ಈ ಆಮ್ಲ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಎಂಬ ಇನ್ನೊಂದು ಫೀನಾಲ್ ಆಗುತ್ತದೆ, ನೊರೆ ಉಕ್ಕುತ್ತದೆ. ಫ್ಲಾಸ್ಕನ್ನು ಅರ್ಧಕ್ಕಿಂತ ಕಡಿಮೆ ತುಂಬಿಸಿ, ಸುರಕ್ಷತಾ ಕನ್ನಡಕ ಹಾಕಿ, ಫ್ಯೂಮ್‌ಹುಡ್ಡಿನಲ್ಲೇ ಮಾಡಿ.