ಸ್ಕ್ರೂಡ್ರೈವರ್ ಚುಚ್ಚುವ ಮೊದಲು ಇದಿಷ್ಟು ಮಾಡಿ ನೋಡಿ

ನಮಸ್ಕಾರ. ಬೋಟಿನ ಡೀಸೆಲ್ ಎಂಜಿನ್ನಿನ ಆಯಿಲ್ ಫಿಲ್ಟರ್ ಅಲ್ಲಾಡುತ್ತಿಲ್ಲ, ಸುತ್ತ ಪಟ್ಟಿ ಹಾಕಿ ತಿರುಗಿಸುವ ಬೆಲ್ಟ್ ಪಾನಾ ಜಾರುತ್ತಿದೆ, ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ, ಅದು ಕೊನೆಯ ದಾರಿ.

ಮೊದಲು ದಿಕ್ಕು ಸರಿಯಾಗಿ ನೋಡಿಕೊಳ್ಳಿ. ಫಿಲ್ಟರಿನ ಮುಚ್ಚಿದ ತುದಿಗೆ ಎದುರಾಗಿ ನಿಂತರೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಿಚ್ಚಬೇಕು. ಬೋಟಿನಲ್ಲಿ ಬಗ್ಗಿ, ಹಿಂದಿನಿಂದ ಕೈ ತೂರಿಸುವಾಗ ಎಲ್ಲ ಉಲ್ಟಾ ಆಗುತ್ತದೆ. ನಾನೇ ಒಮ್ಮೆ ಅರ್ಧ ಗಂಟೆ ಅದನ್ನು ಇನ್ನೂ ಬಿಗಿ ಮಾಡುತ್ತಾ ಕೂತಿದ್ದೆ!

ಎಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿ. ಬಿಸಿಗೆ, ಫಿಲ್ಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ರಿಂಗಿನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಫಿಲ್ಟರ್ ಡಬ್ಬಿಯ ಮೇಲಿನ ಜಿಡ್ಡನ್ನು ಚೆನ್ನಾಗಿ ಒರೆಸಿ. ಸ್ಯಾಂಡ್ ಪೇಪರಿನ ಒರಟು ಬದಿ ಡಬ್ಬಿಗೆ ತಾಗುವ ಹಾಗೆ ಸುತ್ತಿ, ಅದರ ಮೇಲೆ ಬೆಲ್ಟ್ ಹಾಕಿ. ಎಂಜಿನ್ ಕಡೆಯ ಬುಡಕ್ಕೇ ಹಾಕಿ. ತುದಿಗೆ ಹಾಕಿದರೆ ಡಬ್ಬಿ ನಜ್ಜುಗುಜ್ಜಾಗುತ್ತದೆ, ಅಷ್ಟೇ. ಜಾಗ ಇದ್ದರೆ ಚೈನ್ ಪಾನಾ ಇನ್ನೂ ಒಳ್ಳೆಯದು.

ಚುಚ್ಚಿದರೆ ಎಷ್ಟೋ ಸಲ ತಗಡು ಹರಿದು ಎಣ್ಣೆಯೆಲ್ಲ ಬೋಟಿನ ತಳಕ್ಕೆ ಸುರಿಯುತ್ತದೆ. ಕೆಳಗೆ ಟ್ರೇ, ಹಳೆ ಬಟ್ಟೆ ಇಟ್ಟುಕೊಳ್ಳಿ. ಆ ಎಣ್ಣೆಯನ್ನು ಪಂಪ್ ಹಾಕಿ ನೀರಿಗೆ ಬಿಡಬೇಡಿ. ಹರಿದೇ ಹೋಯಿತಾ? ಎಂಜಿನ್ ಕಡೆ ಉಳಿದ ಫಿಲ್ಟರಿನ ದಪ್ಪ ತಟ್ಟೆಯ ಅಂಚಿಗೆ ಉಳಿ ಇಟ್ಟು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ಹೊಡೆಯಿರಿ. ಎಂಜಿನ್ನಿನ ಮೈಗೆ ಗೀರು ಬೀಳಬಾರದು.

ಬಿಚ್ಚಿದ ಮೇಲೆ ಹಳೆ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ನೋಡಿ. ಅದರ ಮೇಲೆ ಹೊಸದು ಕೂತರೆ ಎಣ್ಣೆ ಚಿಮ್ಮುತ್ತದೆ. ಹೊಸ ರಿಂಗಿಗೆ ಎಣ್ಣೆ ಸವರಿ ಕೈಯಲ್ಲೇ ಬಿಗಿ ಮಾಡಿ. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಫಿಲ್ಟರ್ ಮೇಲೆ ಬರೆದಿದ್ದರೆ ಅದನ್ನೇ ಪಾಲಿಸಿ. ಹೋದ ಸಲ ಯಾರೋ ಪಾನಾ ಹಾಕಿಯೇ ಬಿಗಿ ಮಾಡಿರಬೇಕು, ಅಲ್ವಾ?