ಕಡಲಿನ ಗೆರೆ ಎಲ್ಲಿರಬೇಕು?

ಪ್ರಶ್ನೆ: ಮರವಂತೆಯಲ್ಲಿ ಸೂರ್ಯಾಸ್ತದ ಫೋಟೋ ತೆಗೆದೆ. ಕಡಲಿನ ಗೆರೆ ಸರಿಯಾಗಿ ನಡುವೆ ಬಂದು ಸಪ್ಪೆ ಅನಿಸುತ್ತಿದೆ. ಏನು ಮಾಡಲಿ?

ಉತ್ತರ: ಆ ಸಂಜೆ ನಿಮಗೆ ಇಷ್ಟವಾಗಿದ್ದು ಆಕಾಶವೋ, ನೀರೋ? ಮೋಡ ಕೆಂಪೇರಿದ್ದರೆ ಗೆರೆಯನ್ನು ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸಿ. ಒದ್ದೆ ಮರಳು ಹೊಳೆಯುತ್ತಿದ್ದರೆ ಮೇಲಕ್ಕೇರಿಸಿ. ಅದೇ ಮರವಂತೆಯಲ್ಲಿ ನಾನು ಒಂದು ಚೂರೂ ಮೋಡವಿಲ್ಲದ ಬೋಳು ಆಕಾಶಕ್ಕೆ ಅರ್ಧ ಚಿತ್ರ ಕೊಟ್ಟು ಪೆಚ್ಚಾಗಿದ್ದೇನೆ! ಹಾಗಂತ ನಡುವೆ ಇಡಲೇಬಾರದು ಅಂತಲ್ಲ. ಹೆದ್ದಾರಿ ದಾಟಿ ಸೌಪರ್ಣಿಕಾ ನದಿಯ ಕಡೆ ತಿರುಗಿ. ಗಾಳಿ ಇಲ್ಲದ ಬೆಳಿಗ್ಗೆ ತೆಂಗಿನ ಮರಗಳು ನೀರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಅಲ್ಲಿ ನಡುವೆಯೇ ಚೆಂದ. ಮತ್ತೆ, ಮೊಬೈಲ್ ಕ್ಯಾಮೆರಾದಲ್ಲಿ ಗ್ರಿಡ್, ಅಂದರೆ ಪರದೆಯ ಮೇಲೆ ಕಾಣುವ ಅಡ್ಡ-ಉದ್ದ ಗೆರೆಗಳನ್ನು, ಹಾಕಿಕೊಳ್ಳಿ. ನೀವು ಕಳಿಸಿದ ಚಿತ್ರದಲ್ಲಿ ಕಡಲು ಎಡಕ್ಕೆ ಸ್ವಲ್ಪ ವಾಲಿದೆ, ಗಮನಿಸಿದಿರಾ?