ಸ್ಪಿಟ್‌ಫೈರನ್ನು ಅಷ್ಟು ಕೆಳಗೆ ಯಾಕೆ ಹಾರಿಸುತ್ತಾರೆ?

ನಿಮ್ಮ ಪ್ರಶ್ನೆ ಇಷ್ಟು: "ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳನ್ನು ಇನ್ನೂ ಹಾರಿಸುತ್ತಾರಂತೆ, ಸಾವಿರಾರು ಜನ ದುಡ್ಡು ಕೊಟ್ಟು ನೋಡಲು ಹೋಗುತ್ತಾರಂತೆ. ಅಂಥದ್ದೇನಿದೆ ಅದರಲ್ಲಿ? ನೆಲಕ್ಕೆ ತಾಗುವ ಹಾಗೆ ಹಾರಿಸುವ ಹುಚ್ಚು ಯಾಕೆ? ಮ್ಯೂಸಿಯಂನಲ್ಲಿ ನಿಲ್ಲಿಸಿದರೆ, ಯೂಟ್ಯೂಬಿನಲ್ಲಿ ನೋಡಿದರೆ ಸಾಲದೇ?"

ದುಡ್ಡು ಕೊಟ್ಟು ಹೋಗುವ ಆ ಜನರಲ್ಲಿ ನಾನೂ ಒಬ್ಬ. ಕೇಂಬ್ರಿಜ್ ಕಡೆ ಕೆಲಸ, ಈ ಹಳೆಯ ವಿಮಾನಗಳು ಹಾರುವ ಡಕ್ಸ್‌ಫರ್ಡ್ ಏರ್‌ಫೀಲ್ಡ್ ಮನೆಗೆ ಹತ್ತಿರ. ಹಾಗಾಗಿ ನನ್ನಿಂದ ನಿಷ್ಪಕ್ಷಪಾತದ ಮಾತು ನಿರೀಕ್ಷಿಸಬೇಡಿ.

ಯೂಟ್ಯೂಬಿನ ವಿಷಯ ಮೊದಲು ಮುಗಿಸಿಬಿಡ್ತೀನಿ. 2013ರಲ್ಲಿ ಮೊದಲ ಸಲ ಏರ್‌ಶೋ ನೋಡಿದಾಗ ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು, ಬೆಂಗಳೂರಿಗೆ ಬಂದಾಗ ತಾತನಿಗೆ ಕೇಳಿಸಿದೆ. ತಾತ ಯುದ್ಧದ ಕಾಲದಲ್ಲಿ, ಮೀಸೆ ಚಿಗುರುವ ವಯಸ್ಸಿಗೆ, ಎಚ್‌ಎಎಲ್‌ಗೆ ಫಿಟ್ಟರ್ ಆಗಿ ಸೇರಿದವರು. ಅವರ ಬಾಯಲ್ಲಿ ಕೊನೆಯವರೆಗೂ ಅದು "ಏರೋಪ್ಲೇನ್ ಫ್ಯಾಕ್ಟರಿ"ಯೇ. ಆಗ ಅಲ್ಲಿ ಅಮೆರಿಕನ್ನರ ವಿಮಾನಗಳ ರಿಪೇರಿಯೇ ದೊಡ್ಡ ಕೆಲಸ. ಕ್ಯಾಟಲೀನಾ ಅನ್ನುವ ನೀರ ಮೇಲೆ ಇಳಿಯುವ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಗೇ ಬಂದು ಇಳಿಯುತ್ತಿದ್ದವು. (ಆ ಕೆರೆಯ ನೊರೆಯನ್ನಷ್ಟೇ ನೋಡಿದವರು ನಂಬಲಿಕ್ಕಿಲ್ಲ.) ಅಂಗಳದಲ್ಲಿ ಪೇಪರ್ ಓದುತ್ತ, ತಲೆ ಕೂಡ ಎತ್ತದೆ, ಮೇಲೆ ಹೋಗುತ್ತಿರುವುದು ಯಾವ ವಿಮಾನ ಅಂತ ಹೇಳುತ್ತಿದ್ದ ಮನುಷ್ಯ. ನನ್ನ ವಿಡಿಯೋ ಕೇಳಿದವರು "ಏನೋ ಇದು, ಮಿಕ್ಸೀಲಿ ಚಟ್ನಿ ರುಬ್ಬಿದ ಹಾಗಿದೆಯಲ್ಲೋ" ಅಂದರು.

ತಾತನ ಕಿವಿ ಸರಿಯಾಗೇ ಇತ್ತು. ಫೋನಿನ ಮೈಕಿಗೆ ಆ ಸದ್ದು ಹಿಡಿಯುವುದಿಲ್ಲ. ಅರ್ಧ ಅದು ಎದೆಯಲ್ಲಿ ಕೇಳುವ ಸದ್ದು.

ನೀವು ಹೇಳಿದ ಆ ಫೈಟರ್‌ಗಳಲ್ಲಿ ಹೆಸರುವಾಸಿಯಾದ ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ 27 ಲೀಟರಿನದು, 12 ಸಿಲಿಂಡರ್. ನಿಮ್ಮ ಸಣ್ಣ ಕಾರಿನ ಎಂಜಿನ್ 1.2 ಲೀಟರ್ ಅಂದುಕೊಂಡರೆ ಅಂಥ ಇಪ್ಪತ್ತೆರಡು ಎಂಜಿನ್‌ಗಳ ಗಾತ್ರ. ಸೈಲೆನ್ಸರ್ ಇಲ್ಲ; ಎರಡೂ ಪಕ್ಕದಲ್ಲಿ ಗೇಣುದ್ದದ ಕೊಳವೆಗಳು, ಅಷ್ಟೇ. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಕ್ರ್ಯಾಂಕ್ ಒಂದು ಸುತ್ತು ಸುತ್ತುವಷ್ಟರಲ್ಲಿ ಆರು ಸಿಲಿಂಡರ್ ಸಿಡಿಯುತ್ತವೆ. ನಿಮಿಷಕ್ಕೆ 2400 ಸುತ್ತು ಅಂದರೆ ಸೆಕೆಂಡಿಗೆ 240 ಸಿಡಿತ. ಸಂಗೀತದವರ ಲೆಕ್ಕದಲ್ಲಿ ಅದೊಂದು ಸ್ವರ.

ಈಗ ಆ ಸ್ವರ ಗಂಟೆಗೆ 400 ಕಿ.ಮೀ. ವೇಗದಲ್ಲಿ ನಿಮ್ಮ ಮುಂದೆ ಹಾದುಹೋಗುತ್ತದೆ. ರೈಲಿನ ಶಿಳ್ಳೆ ಹತ್ತಿರ ಬರುವಾಗ ಕೀರಲಾಗಿ, ದಾಟಿದ ಮೇಲೆ ದಪ್ಪಗಾಗುವುದನ್ನು ಕೇಳಿದ್ದೀರಲ್ಲ, ಅದೇ ಡಾಪ್ಲರ್ ಪರಿಣಾಮ. ಒಮ್ಮೆ ಕೂತು ಲೆಕ್ಕ ಹಾಕಿದೆ: ಬರುವಾಗ ಆ 240 ಕಿವಿಗೆ ಸುಮಾರು 355 ಆಗಿ ಕೇಳುತ್ತದೆ, ಹೋಗುವಾಗ ಸುಮಾರು 181. ಹೆಚ್ಚುಕಡಿಮೆ ಎರಡರಷ್ಟು. ಅಂದರೆ ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ, ಪೂರಾ ಒಂದು ಸ್ಥಾಯಿ, ನಡುವೆ ಎಲ್ಲೂ ನಿಲ್ಲದ ಒಂದೇ ಜಾರು. ವೀಣೆಯವರು ತಂತಿಯ ಮೇಲೆ ಬೆರಳು ಎಳೆದು ತೆಗೆಯುವುದನ್ನು ಇಲ್ಲಿ ಒಂದು ವಿಮಾನ ಆಕಾಶದ ಮೇಲೆ ಎಳೆದು ತೆಗೆಯುತ್ತದೆ.

"ಕೆಳಗೆ ಯಾಕೆ" ಅನ್ನುವುದಕ್ಕೆ ನನ್ನ ಉತ್ತರ ಇಲ್ಲೇ ಇದೆ. ಅದೇ ವಿಮಾನ ಒಂದು ಕಿಲೋಮೀಟರ್ ಎತ್ತರದಲ್ಲಿ ಹೋದರೂ ಸ್ವರ ಇಳಿಯುವುದು ಅಷ್ಟೇ. ಆದರೆ ಆ ಇಳಿತ ಹದಿನೆಂಟು, ಇಪ್ಪತ್ತು ಸೆಕೆಂಡಿಗೆ ಹಂಚಿಹೋಗುತ್ತದೆ, ಕಿವಿ ಗಮನಿಸುವುದೇ ಇಲ್ಲ. ನೂರೈವತ್ತು ಮೀಟರ್ ಆಚೆ, ಮರದೆತ್ತರದಲ್ಲಿ ಹಾದರೆ ಇಡೀ ಸ್ಥಾಯಿ ಎರಡು ಮೂರು ಸೆಕೆಂಡಿನಲ್ಲಿ ಕುಸಿಯುತ್ತದೆ. ಮೈ ಜುಂ ಅನ್ನುವುದು ಆಗ. ಮೊದಲ ಸಲ ಕೇಳಿದಾಗ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ನಿಂತಿದ್ದರು. ಇಷ್ಟು ದೂರ ಬಂದು ಕಣ್ಣು ಮುಚ್ಚಿಕೊಂಡರಲ್ಲ ಅಂತ ಆಶ್ಚರ್ಯವಾಯಿತು. ಈಗ ಕೆಲವೊಮ್ಮೆ ನಾನೂ ಹಾಗೇ ನಿಲ್ಲುತ್ತೇನೆ.

ಕಣ್ಣಿಗೂ ಕೆಲಸವಿದೆ, ಇಲ್ಲವೆನ್ನುವುದಿಲ್ಲ. ವಿಮಾನವನ್ನು ನಾವು ಜೀವನವಿಡೀ ನೋಡುವುದು ಹೊಟ್ಟೆಯ ಕಡೆಯಿಂದ. ಒಳ್ಳೆಯ ಡಿಸ್‌ಪ್ಲೇ ಪೈಲಟ್ ನೇರ ಗೆರೆಯಲ್ಲಿ ಬರುವುದಿಲ್ಲ. ಜನರತ್ತ ಬೆನ್ನು ತೋರಿಸಿ ಬಾಗುತ್ತ, ಕಮಾನಿನ ಹಾಗೆ ಬಳಸಿ ಹೋಗುತ್ತಾನೆ. ಆಗ ರೆಕ್ಕೆಯ ಮೇಲ್ಮೈ ಪೂರ್ತಿ ಕಾಣುತ್ತದೆ. ಹಲಸಿನ ಎಲೆಯಂತೆ ದುಂಡಗೆ ಸಾಗಿ ತುದಿಗೆ ಸಣ್ಣಗಾಗುವ ರೆಕ್ಕೆ, ಕೊಳವೆಗಳ ಹಿಂದೆ ಬಣ್ಣದ ಮೇಲೆ ಮೆತ್ತಿದ ಮಸಿ, ಗಾಜಿನೊಳಗೆ ತಿರುಗಿದ ಪೈಲಟ್ ತಲೆ. ವಿನ್ಯಾಸಕಾರ ಆರ್. ಜೆ. ಮಿಚೆಲ್ ಈ ವಿಮಾನದ ಮೊದಲ ಹಾರಾಟವನ್ನು 1936ರ ಮಾರ್ಚಿನಲ್ಲಿ ಕಂಡರು, ಮರುವರ್ಷವೇ ತೀರಿಕೊಂಡರು. ಆಮೇಲೆ ತಯಾರಾದ ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ಸ್ಪಿಟ್‌ಫೈರ್‌ಗಳಲ್ಲಿ ಒಂದನ್ನೂ ಅವರು ನೋಡಲಿಲ್ಲ.

ಏರುವುದನ್ನೂ ತಪ್ಪಿಸಿಕೊಳ್ಳಬೇಡಿ. ನೆಲದ ಮೇಲೆ ಸ್ಪಿಟ್‌ಫೈರ್ ಒಂದು ಒದ್ದಾಟ. ಮೂತಿ ಎಷ್ಟು ಉದ್ದವೆಂದರೆ ಪೈಲಟ್‌ಗೆ ಮುಂದಿನದು ಕಾಣುವುದಿಲ್ಲ, ಹಾವಿನಂತೆ ಅತ್ತಿತ್ತ ತಿರುಗಿಸುತ್ತ ರನ್‌ವೇಗೆ ಹೋಗಬೇಕು. ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದರೆ ನೀರು ಕುದಿಯಲು ಹತ್ತುತ್ತದೆ, ರೇಡಿಯೇಟರಿಗೆ ಗಾಳಿ ಸಾಲದು. ಮೇಲೇರಿದ ತಕ್ಷಣ ವಿಮಾನ ಒಮ್ಮೆ ತುಸು ಕುಪ್ಪಳಿಸಿದರೆ ಗಾಬರಿಯಾಗಬೇಡಿ: ಚಕ್ರ ಮಡಚುವ ಹಿಡಿ ಬಲಗಡೆಗಿದೆ, ಪೈಲಟ್ ಆ ಕ್ಷಣದಲ್ಲಿ ವಿಮಾನ ನಡೆಸುವ ಕೋಲನ್ನು ಎಡಗೈಗೆ ಬದಲಾಯಿಸುತ್ತಿದ್ದಾನೆ. ಯುದ್ಧದ ಉತ್ತರಾರ್ಧದಲ್ಲಿ ಬಂದ ಗ್ರಿಫನ್ ಎಂಜಿನಿನ ಸ್ಪಿಟ್‌ಫೈರ್‌ಗಳಲ್ಲಂತೂ ಪ್ರೊಪೆಲ್ಲರ್ ತಿರುಗುವುದೇ ಉಲ್ಟಾ, ಮರ್ಲಿನ್ ಎಡಕ್ಕೆ ಎಳೆದರೆ ಅದು ಬಲಕ್ಕೆ.

ಅಪಾಯ? ಇದೆ. ಸುಳ್ಳು ಹೇಳುವುದಿಲ್ಲ. 2015ರ ಆಗಸ್ಟಿನಲ್ಲಿ ಇಲ್ಲಿನ ಶೋರಮ್ ಏರ್‌ಶೋದಲ್ಲಿ ಹಂಟರ್ ಜೆಟ್ ಒಂದು ರಸ್ತೆಯ ಮೇಲೆ ಬಿದ್ದು 11 ಜನ ಸತ್ತರು. ಅವರಲ್ಲಿ ಹಲವರು ತಮ್ಮ ಪಾಡಿಗೆ ದಾರಿಯಲ್ಲಿದ್ದವರು. 2022ರ ನವೆಂಬರಿನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಎರಡು ಹಳೆಯ ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾಗಿ ಆರು ಜನ ಹೋದರು. 2024ರ ಮೇನಲ್ಲಿ ಬ್ರಿಟಿಷ್ ವಾಯುಪಡೆಯ ಸ್ಪಿಟ್‌ಫೈರ್ ಬಿದ್ದು ಪೈಲಟ್ ತೀರಿಕೊಂಡರು.

ಆದರೆ ನೋಡುವವರು ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಹೆದರುತ್ತಾರೆ. ಸಮತಟ್ಟಾಗಿ, ವೇಗವಾಗಿ, ಕೆಳಗೆ ಹೋಗುತ್ತಿರುವ ವಿಮಾನದ ಕೈಯಲ್ಲಿ ಉಳಿತಾಯವಿದೆ. ಎಂಜಿನ್ ಕೈಕೊಟ್ಟರೂ ಆ ವೇಗವನ್ನೇ ಎತ್ತರ ಮಾಡಿಕೊಂಡು, ಇಳಿಯಲು ಜಾಗ ಹುಡುಕಬಹುದು. ನನಗೆ ಎದೆ ಹೊಡೆದುಕೊಳ್ಳುವುದು ಲೂಪ್‌ನಲ್ಲಿ, ಮೇಲೆ ಹೋಗಿ ಬೆನ್ನಡಿಯಾಗಿ ಮತ್ತೆ ನೆಲದ ಕಡೆ ಬರುವಾಗ. ತುದಿಯಲ್ಲಿ ಇಷ್ಟು ಎತ್ತರ, ಇಷ್ಟು ವೇಗ ಇರಲೇಬೇಕು ಅಂತ ಪೈಲಟ್ ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ. ಇಲ್ಲವಾದರೆ ಕೆಳಗೆ ಎಳೆಯದೆ ಪಕ್ಕಕ್ಕೆ ಹೊರಳಿಸಿ ಬಿಟ್ಟುಬಿಡಬೇಕು. ಶೋರಮ್‌ನಲ್ಲಿ ತುದಿಯ ಆ ಎತ್ತರ ಸಾಲದೇ ಹೋಗಿತ್ತು. ಅದಾದ ಮೇಲೆ ಇಲ್ಲಿ ನಿಯಮಗಳು ಬಿಗಿಯಾದವು, ಜನರಿಗೂ ವಿಮಾನಕ್ಕೂ ನಡುವಿನ ದೂರ ಹೆಚ್ಚಿತು. ಪ್ರತಿ ಡಿಸ್‌ಪ್ಲೇ ಪೈಲಟ್‌ನ ಪರವಾನಗಿಯಲ್ಲೂ ಅವನು ಎಷ್ಟು ಕೆಳಗೆ ಬರಬಹುದು ಎಂದು ಬರೆದಿರುತ್ತದೆ. ಹಳೆಯ ಅಭಿಮಾನಿಗಳು ಇದಕ್ಕೆ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ.

ಗೊಣಗುವವರು ಕೈಮುಗಿಯುವ ಹೆಸರು ರೇ ಹ್ಯಾನಾ. ನ್ಯೂಜಿಲೆಂಡಿನಲ್ಲಿ ಹುಟ್ಟಿ, ಬ್ರಿಟಿಷ್ ವಾಯುಪಡೆಯ ಪ್ರದರ್ಶನ ತಂಡವಾದ ರೆಡ್ ಆ್ಯರೋಸ್ ತಂಡದ ನಾಯಕನಾಗಿದ್ದವರು. ಎಂಎಚ್ 434 ಎಂಬ ಸ್ಪಿಟ್‌ಫೈರನ್ನು ಅವರು ಹಾರಿಸುತ್ತಿದ್ದ ರೀತಿ ನೋಡಿದರೆ ಹುಲ್ಲು ಕತ್ತರಿಸಲು ಬಂದಿದ್ದಾರೇನೋ ಅನ್ನಿಸುತ್ತದೆ. 1988ರಲ್ಲಿ ಟಿವಿ ಧಾರಾವಾಹಿಯೊಂದರ ಚಿತ್ರೀಕರಣಕ್ಕೆ ಟೀಸ್ ನದಿಯ ಮೇಲಿನ ಕಲ್ಲಿನ ಸೇತುವೆಯ ಕಮಾನಿನೊಳಗೆ ತೂರಿಸಿಕೊಂಡು ಹೋದವರು. ಯೂಟ್ಯೂಬಿಗೆ ಬೈದ ನಾನೇ ಹೇಳುತ್ತಿದ್ದೇನೆ, ಅದನ್ನು ಮಾತ್ರ ಅಲ್ಲೇ ನೋಡಿ. ನನಗೂ ಅವರೆಂದರೆ ಭಕ್ತಿ. ಆದರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ನಿಂತಿರುವ ಕಡೆ ಯಾರೂ ಅವರಾಗಲು ಹೊರಡಬಾರದು.

ಇನ್ನು ಮ್ಯೂಸಿಯಂ. ಡಕ್ಸ್‌ಫರ್ಡ್ ಮ್ಯೂಸಿಯಮ್ಮೇ, ಜೊತೆಗೆ ನಡೆಯುವ ಏರ್‌ಫೀಲ್ಡ್. 1938ರ ಆಗಸ್ಟಿನಲ್ಲಿ ಬ್ರಿಟಿಷ್ ವಾಯುಪಡೆಗೆ ಮೊದಲ ಸ್ಪಿಟ್‌ಫೈರ್ ಬಂದು ಸೇರಿದ್ದು ಇಲ್ಲಿಗೇ. ನಿಲ್ಲಿಸಿಟ್ಟವೂ ಬೇಕು, ಅದರಲ್ಲಿ ಅನುಮಾನವಿಲ್ಲ. ಎಲ್ಲವನ್ನೂ ಹಾರಿಸಿ ಎಲ್ಲವನ್ನೂ ಕಳೆದುಕೊಂಡರೆ ಮುಂದಿನವರಿಗೆ ಏನೂ ಉಳಿಯುವುದಿಲ್ಲ. ಹಾರುವ ವಿಮಾನದಲ್ಲಿ ಎಷ್ಟೋ ತಗಡು, ಮೊಳೆ ಹೊಸದು, "ಇದು ಅಸಲಿಯೇ ಅಲ್ಲ" ಎಂದು ಜಗಳ ಮಾಡುವವರಿದ್ದಾರೆ. ನಮ್ಮೂರ ತೇರಿನದೂ ಅದೇ ಕಥೆ. ಅಚ್ಚು ಬದಲಾಗಿದೆ, ಗಾಲಿ ಬದಲಾಗಿದೆ, ಹುಳು ಹಿಡಿದ ತೊಲೆ ಬದಲಾಗಿದೆ. ವರ್ಷಕ್ಕೊಮ್ಮೆ ಎಳೆಯುತ್ತಾರೆ ಅಂತಲೇ ಅದು ತೇರು. ತೇರಿನ ಮನೆಯಲ್ಲೇ ಬೀಗ ಹಾಕಿಟ್ಟರೆ ಅದು ಕೆತ್ತನೆಯ ಮರ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು, ನನಗೇ ಇಲ್ಲಿಗೆ ಬಂದಮೇಲೆ ಗೊತ್ತಾಗಿದ್ದು. ಯುದ್ಧದ ವೇಳೆ ಮೈಸೂರು ಸಂಸ್ಥಾನ ವಿಮಾನಗಳಿಗೆಂದು ದೇಣಿಗೆ ಕೊಟ್ಟಿತ್ತು. ಅದರ ಗುರುತಿಗೆ 1941ರಲ್ಲಿ ಕಟ್ಟಿದ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್‌ಗೆ "ಮೈಸೂರು" ಅಂತಲೇ ಹೆಸರು. ಲಾಂಛನ ಗಂಡಭೇರುಂಡ! ನಮ್ಮ ಕೆಂಪು ಬಸ್ಸಿನ ಮೇಲಿರುವ ಅದೇ ಎರಡು ತಲೆಯ ಹಕ್ಕಿ. ಸ್ಪಿಟ್‌ಫೈರ್‌ಗಳೊಂದಿಗೆ ಶುರುವಾದ ಈ ಸ್ಕ್ವಾಡ್ರನ್ 1944ರಲ್ಲಿ ಮಸ್ಟಾಂಗ್ ಫೈಟರ್‌ಗಳಿಗೆ ಬದಲಾಗಿ, ಲಂಡನ್ ಮೇಲೆ ಬರುತ್ತಿದ್ದ ಜರ್ಮನರ ವಿ-1 ಹಾರುವ ಬಾಂಬುಗಳನ್ನು ಬೆನ್ನಟ್ಟಿ ಹೊಡೆಯಿತು. ಅದು ಕೆಲಕಾಲ ನೆಲೆಸಿದ್ದ ವೆಸ್ಟ್‌ಹ್ಯಾಂಪ್‌ನೆಟ್ ಈಗಿನ ಗುಡ್‌ವುಡ್ ಏರ್‌ಫೀಲ್ಡ್. ಅಲ್ಲಿ ಇವತ್ತಿಗೂ ಸ್ಪಿಟ್‌ಫೈರ್‌ಗಳು ಹಾರುತ್ತವೆ. ಇದು ತಿಳಿದ ವರ್ಷ ಗುಡ್‌ವುಡ್‌ಗೆ ಹೋಗಿ ಹುಲ್ಲಿನ ಮೇಲೆ ನಿಂತಿದ್ದೆ. ಒಂದು ಕಡೆ ಹೆಮ್ಮೆ. ಇನ್ನೊಂದು ಕಡೆ, 1941ರಲ್ಲಿ ಆ ದುಡ್ಡು ಕೊಟ್ಟ ಸೀಮೆಯ ಜನ ಇನ್ನೊಬ್ಬರ ಆಳ್ವಿಕೆಯ ಕೆಳಗೇ ಇದ್ದರಲ್ಲ ಅನ್ನುವುದು ಗಂಟಲಲ್ಲಿ ಕಡ್ಡಿ ಸಿಕ್ಕಿದ ಹಾಗೆ. ತಾತನಿಗೆ ಫೋನ್ ಮಾಡಿ ಹೇಳಿದೆ. "ಗಂಡಭೇರುಂಡಾನಾ? ಮೊದಲೇ ಗೊತ್ತಿದ್ದರೆ ಆ ಸಾಹೇಬರ ಹತ್ರ ಸಂಬಳ ಜಾಸ್ತಿ ಕೇಳ್ತಿದ್ದೆ ಕಣೋ" ಅಂದರು.

ಕೊಲ್ಲುವ ಯಂತ್ರವನ್ನು ನೋಡಿ ಸಂತೋಷಪಡುವುದು ಸರಿಯೇ ಅಂತ ಕೆಳಗೆ ಕಾಮೆಂಟ್ ಬಂದೇ ಬರುತ್ತದೆ. ಆ ಇರಿಸುಮುರಿಸು ನನಗೂ ಇದೆ, ಹೋಗಲಿ ಅಂತ ಆಸೆಯೂ ಇಲ್ಲ.

ನಿಜವಾಗಿಯೂ ನೋಡುವ ಮನಸ್ಸಿದ್ದರೆ ದೊಡ್ಡ ಏರ್‌ಶೋ ಟಿಕೆಟ್ಟಿಗೇ ಕಾಯಬೇಕಾಗಿಲ್ಲ. ಬೇಸಿಗೆಯಲ್ಲಿ, ಬಿಸಿಲಿರುವ ಯಾವುದಾದರೂ ವಾರದ ದಿನ ಡಕ್ಸ್‌ಫರ್ಡಿಗೆ ಬನ್ನಿ. ದುಡ್ಡಿದ್ದವರನ್ನು ಕೂರಿಸಿಕೊಂಡು ಎರಡು ಸೀಟಿನ ಸ್ಪಿಟ್‌ಫೈರ್‌ಗಳು ಹೋಗಿಬರುತ್ತಿರುತ್ತವೆ, ಮ್ಯೂಸಿಯಂ ಟಿಕೆಟ್ಟಿನಲ್ಲೇ ಅದನ್ನೂ ನೋಡಬಹುದು. ಬೆಚ್ಚನೆಯ ಜಾಕೆಟ್ ಇರಲಿ, ಆ ಬಯಲಿನ ಗಾಳಿ ಜುಲೈನಲ್ಲೂ ನಂಬುವಂಥದ್ದಲ್ಲ. ಊಟ ಕಟ್ಟಿಕೊಂಡು ಬನ್ನಿ. ನಾನು ಪುಳಿಯೋಗರೆ ತರುತ್ತೇನೆ. ಎಂ11 ಹೆದ್ದಾರಿಯ ಸದ್ದಿನಿಂದ ಆದಷ್ಟು ದೂರ, ಬೇಲಿಯ ಹತ್ತಿರ ಜಾಗ ಹಿಡಿಯಿರಿ. ಮತ್ತೆ, ಮೊದಲನೆಯದು ಹಾದುಹೋಗುವಾಗ ಫೋನ್ ಜೇಬಿನಲ್ಲೇ ಇರಲಿ.